ವೇಯೊನ ಹೆಬ್ಬೆರಳು

"'ಅಣಬೆಯ ಬುಡ ನೋಡದೆ ಬಾಯಿಗಿಡಬೇಡಿ ಅಂತ ಹೇಳಿ ಹೇಳಿ ನಮ್ಮನ್ನು ಕಾಪಾಡಿದಿರಿ. ಹೋಗಿಬನ್ನಿ ವೇಯೊ. ಇಂತಿ ಔಲು ಊರಿನ ಪಿರ್ಕೊ,'" ಎಂದು ಓದಿ ಸೈಲಾ ಕಣ್ಣೊರೆಸಿಕೊಂಡಳು.

ಅಪ್ಪ ವೇಯೊನನ್ನು ಮಣ್ಣು ಮಾಡಿ ಬಂದು, ಚರ್ಚಿನ ಸಭಾಂಗಣದಲ್ಲಿ ಸಾಲ್ಮನ್ ಮೀನಿನ ಸಾರು ಉಂಡಾಗಿತ್ತು. ಕಾಫಿಯ ಹೊತ್ತಿಗೆ ಸಂತಾಪದ ಕಾಗದಗಳನ್ನು ಎಲ್ಲರೆದುರು ಓದುವುದು ಪದ್ಧತಿ. ವೇಯೊನಿಗೆ ಬಂದ ಕಾಗದ ಆರೇ ಆರು. ಉಳಿದವೆಲ್ಲ ಅವನ ಫೋನಿಗೆ, 'ಅಣಬೆ ಬಳಗ'ವೆಂಬ ಆನ್‌ಲೈನ್ ಗುಂಪಿನ ಅವನ ಖಾತೆಗೆ, ಖಾಸಗಿ ಸಂದೇಶಗಳಾಗಿ ಬಂದಿದ್ದವು.

"ಬೆಳಿಗ್ಗೆ ಎಲ್ಲದಕ್ಕೂ ಅಪ್ಪನ ಹೆಸರಲ್ಲೇ ಒಂದೊಂದು ಹೆಬ್ಬೆರಳಿನ ಲೈಕ್ ಒತ್ತಿಬಿಟ್ಟೆ. ಓದೋ ಧೈರ್ಯ ಆಗ ಬರ್ಲಿಲ್ಲ," ಎಂದು ಮುಂದಿನದಕ್ಕೆ ಹೋದಳು. "'ವೇಯೊ ಅವರೇ, ಯಾವಾಗ್ಲೂ ಬುಡ ತೋರಿಸಿ ಅಂತೀರಲ್ಲ, ಚಿತ್ರ ಹಾಕಿದ್ದೀನಿ. ಮಗಳು ಹಸಿದಿದ್ದಾಳೆ. ತಿನ್ನಬಹುದಾ? ಇಂತಿ ರೀಕ್ಕಾ.'"

"ಸತ್ತ ಮೇಲೂ ಬಿಡಲ್ಲ ನೋಡು ಅವ್ನನ್ನ!" ಎಂದ ಬಸ್ ಡಿಪೋದ ಗೆಳೆಯ. ಎಲ್ಲರೂ ನಕ್ಕರು.

ಇರ್ಮೆಲಿ ನಗಲಿಲ್ಲ. ಬಳಗವನ್ನು ವೇಯೊನ ಜೊತೆ ಶುರುಮಾಡಿದ ನಿವೃತ್ತ ಟೀಚರು ಆಕೆ.

"ಸೈಲಾ, ಅದಕ್ಕೂ ಒತ್ತಿದೀಯಾ?"

"ನಲವತ್ತೊಂದಕ್ಕೂ ಒತ್ತಿದೀನಿ. ಯಾಕೆ ಟೀಚರ್?"

* * *

ವೇಯೊ ಬಸ್ ಡ್ರೈವರ್. ದೊಡ್ಡ ಮನುಷ್ಯನೇನಲ್ಲ. ಆದರೆ ಕಾಡಲ್ಲಿ ಕಿತ್ತ ಅಣಬೆಯ ಚಿತ್ರ ಹಾಕಿ ಕೇಳುವ ಬಳಗದವರಿಗೆ ಹದಿನೆಂಟು ವರ್ಷದಿಂದ ಅವನ ಹೆಬ್ಬೆರಳಿಗೆ ಒಂದೇ ಅರ್ಥ: ಧೈರ್ಯವಾಗಿ ಬಾಣಲೆಗೆ ಹಾಕಿ.

"ಅಪ್ಪಾ, ಊಟ ಆರ್ತಿದೆ. ಏನೋ ಒಂದು ಒತ್ತಿ ಬಾಪ್ಪಾ," ಎಂದು ಸೈಲಾ ಒಮ್ಮೆ ರೇಗಿದ್ದಳು.

"ಬುಡ ಕಾಣ್ತಿಲ್ಲ ಕಣೇ. ಇನ್ನೊಂದು ಚಿತ್ರ ಕೇಳಿದೀನಿ."

"ನಿನಗೇನಾಗ್ಬೇಕು ಅವ್ರು?"

"ಏನೂ ಆಗ್ಬೇಕಿಲ್ಲ. ನನ್ನ ಮಾತು ನಂಬಿ ತಿಂತಾರೆ, ಅಷ್ಟೇ," ಎಂದು ಅವನು ಕನ್ನಡಕ ಏರಿಸಿಕೊಂಡಿದ್ದ. ಅವಳಿಗೆ ಆಗ ಸಿಟ್ಟೇ ಬಂದಿತ್ತು.

* * *

ರೀಕ್ಕಾಳ ಚಿತ್ರದಲ್ಲಿದ್ದದ್ದು ಅಚ್ಚ ಬಿಳಿಯ ಅಣಬೆ, ಬುಡದಲ್ಲಿ ಹರಿದ ಚೀಲದಂಥ ಪೊರೆ. ಇರ್ಮೆಲಿ ಅದನ್ನು ಹಿಗ್ಗಿಸಿ ನೋಡಿದಳು.

"ವಿಷದ್ದು. ಇದಕ್ಕಿಂತ ಕೆಟ್ಟದ್ದು ನಮ್ಮ ಕಾಡಲ್ಲಿಲ್ಲ."

ತನ್ನ ಫೋನಿನಿಂದಲೇ ರೀಕ್ಕಾಗೆ ಬರೆದಳು: ತಿನ್ನಬೇಡಿ. ಉತ್ತರ ಕೂಡಲೇ ಬಂತು: 'ಹನ್ನೊಂದಕ್ಕೇ ತಿಂದೆವು. ತುಂಬಾ ರುಚಿ!'

"ತಿಂದು ಮೂರು ಗಂಟೆ ಆಯ್ತು. ಆರಾಮಾಗಿದಾರಲ್ಲ ಟೀಚರ್?" ಎಂದಳು ಸೈಲಾ.

"ಸಂಜೆವರೆಗೂ ಆರಾಮಾಗೇ ಇರ್ತಾರೆ ಕಣಮ್ಮ. ಆಮೇಲೆ ಲಿವರ್ ಹೋಗುತ್ತೆ. ಈಗ್ಲೇ ಆಸ್ಪತ್ರೆ ಸೇರ್ಬೇಕು."

ಹಾಗೆಂದು ಬರೆದದ್ದಕ್ಕೆ ರೀಕ್ಕಾ ಸಿಡುಕಿದಳು: 'ನಾವು ಚೆನ್ನಾಗೇ ಇದ್ದೇವೆ. ನೀವ್ಯಾರೋ ಗೊತ್ತಿಲ್ಲ. ವೇಯೊ ಒತ್ತಿದ್ದಾರೆ, ನನಗಷ್ಟು ಸಾಕು.'

ಸೈಲಾ ಅಪ್ಪನ ಫೋನು ಎತ್ತಿಕೊಂಡಳು. ಅಪ್ಪ ಸತ್ತ, ನಾನವನ ಮಗಳು ಎಂದು ವಿವರಿಸುತ್ತ ಕೂತರೆ ಆಕೆ ನಂಬುವುದು ಯಾವಾಗ? ಅಪ್ಪನ ಖಾತೆಯಿಂದಲೇ ಬರೆದಳು: 'ನಾನು ವೇಯೊ. ನನ್ನಿಂದ ತಪ್ಪಾಯಿತು. ಮಗುವನ್ನು ಕರೆದುಕೊಂಡು ಈಗಲೇ ಆಸ್ಪತ್ರೆಗೆ ಓಡಿ. ಉಳಿದ ಅಣಬೆ ಜೊತೆಗಿರಲಿ.' ಹದಿನೆಂಟು ವರ್ಷದಲ್ಲಿ ಅವನು ತಪ್ಪಾಯಿತೆಂದು ಬರೆದದ್ದಿಲ್ಲ. ಸತ್ತವನ ತಲೆಗೆ ಅದನ್ನು ಕಟ್ಟುವಾಗ ಅವಳಿಗೆ ಅಳು ಒತ್ತರಿಸಿ ಬಂತು.

ಯಾರೂ ಕಾಫಿ ಮುಟ್ಟಲಿಲ್ಲ. ಪಾದ್ರಿ ಕೂಡ ಫೋನನ್ನೇ ನೋಡುತ್ತ ನಿಂತಿದ್ದರು.

ಹತ್ತು ನಿಮಿಷಕ್ಕೆ ಒಂದು ಚಿತ್ರ ಬಂತು. ಕಾರಿನ ಹಿಂದಿನ ಸೀಟು. ಬೆಲ್ಟು ಬಿಗಿದ ನಾಲ್ಕು ವರ್ಷದ ಹುಡುಗಿ, ಗಲ್ಲದ ಮೇಲೆ ಬೆಣ್ಣೆ. ತಿರುಗಾಟಕ್ಕೆ ಹೊರಟವಳಂತೆ ನಗುತ್ತ ಕೈ ಬೀಸುತ್ತಿದ್ದಳು.