ಮೂರನೇ ನಂಬರಿನ ಕೋರ್

ಹಾನಗಲ್ಲಿನ ಆ ವರ್ಕ್‌ಶಾಪಿನಲ್ಲಿ ಅಡಿಕೆ ಆರಿಸುವ ಯಂತ್ರ ತಯಾರಿಸುತ್ತಾರೆ. ಬೆಲ್ಟಿನ ಮೇಲೆ ಅಡಿಕೆ ಓಡುತ್ತದೆ, ಕ್ಯಾಮೆರಾ ನೋಡುತ್ತದೆ, ಕೆಟ್ಟದ್ದು ಕಂಡರೆ ಯಂತ್ರ ಗಾಳಿ ಊದಿ ಬದಿಗೆ ತಳ್ಳುತ್ತದೆ. ಆದರೆ ಒಳಗಿನ ಕಂಪ್ಯೂಟರಿಗೆ ಹತ್ತಾರು ಕೆಲಸ; ಒಂದೊಂದು ಕೆಲಸದ ಎಳೆಗೂ ಥ್ರೆಡ್ ಎನ್ನುತ್ತಾರೆ. ಆಪರೇಟಿಂಗ್ ಸಿಸ್ಟಮ್ ಒಂದೊಂದಕ್ಕೂ ಪಾಳಿ ಹಚ್ಚುತ್ತದೆ. ಕ್ಯಾಮೆರಾ ನೋಡುವ ಥ್ರೆಡ್ಡಿನ ಪಾಳಿ ಒಂದಿಷ್ಟು ತಡವಾದರೂ ಕೆಟ್ಟ ಅಡಿಕೆ ದಾಟಿಹೋಗುತ್ತಿತ್ತು. ಇದನ್ನು ಸರಿಪಡಿಸಿದರೆ ಕೆಲಸ ಕೊಡುತ್ತೇನೆ ಎಂದಿದ್ದರು ವರ್ಕ್‌ಶಾಪಿನ ಮಾಲತೇಶ ಸರ್.

ಯಂತ್ರದ ಪ್ರೋಗ್ರಾಮನ್ನು ಪೆನ್‌ಡ್ರೈವಿಗೆ ಹಾಕಿಕೊಡುತ್ತ ಕೇಳಿದ್ದರು: "ಏನರ ಕೇಳೋದೈತೇನ್ರಿ?"

"ಏನಿಲ್ರಿ," ಎಂದಿದ್ದೆ.

ಕೇಳುವುದಿತ್ತು. ಆ ಯಂತ್ರದ ಕಂಪ್ಯೂಟರಿಗೆ ಕೋರ್ ಎಷ್ಟು, ಅಂದರೆ ಒಟ್ಟಿಗೆ ದುಡಿಯುವ ಕೈ ಎಷ್ಟು, ಎಂಬುದೊಂದೇ. ಸುತ್ತ ನಾಲ್ಕು ಜನ ಗಂಡಸರು ನಿಂತಿದ್ದರು.

ನನ್ನ ಹಳೆ ಲ್ಯಾಪ್‌ಟಾಪಿಗೆ ನಾಲ್ಕು ಕೋರ್. ಎಣಿಕೆ ಸೊನ್ನೆಯಿಂದ ಶುರು. ತಿಳವಳ್ಳಿಯ ನಮ್ಮ ನಡುಮನೆಯಲ್ಲಿ, ಟಿವಿಯ ಪಕ್ಕ ಹದಿನೈದು ದಿನ ಕೂತು, ಕ್ಯಾಮೆರಾದ ಥ್ರೆಡ್ಡನ್ನು ಕೊನೆಯ ಕೋರಿಗೆ, ಮೂರನೇ ನಂಬರಿಗೆ, ಕಟ್ಟಿಹಾಕಿದೆ. ಉಳಿದವೆಲ್ಲ ಬೇರೆ ಮೂರರಲ್ಲಿ ಗುದ್ದಾಡಿಕೊಳ್ಳಲಿ, ಇದನ್ನು ಯಾರೂ ಮುಟ್ಟಬಾರದು. ಒಂದು ಚಿತ್ರವೂ ತಪ್ಪಲಿಲ್ಲ. ನನಗೂ ಇಂಥದ್ದೊಂದು ಮೂಲೆ ಬೇಕು ಎಂದು ಡೈರಿಯಲ್ಲಿ ಬರೆದೆ.

"ಈ ಕೆಲಸ ಆತಂದ್ರ, ನಿನ್ನ ನೋಡಾಕ ಬರೋ ತಡಸದವರಿಗೆ ಬರಬ್ಯಾಡ್ರಿ ಅಂತೇನಿ," ಎಂದಿದ್ದಳು ಅವ್ವ. "ಆಗಲಿಲ್ಲಂದ್ರ ನೀ ಸುಮ್ನ ಹೂಂ ಅನ್ಬೇಕು ಮತ್ತ." ಒಪ್ಪಿದ್ದೆ.

ನಿನ್ನೆ ಯಂತ್ರಕ್ಕೆ ಹಾಕಿದರು. ಪ್ರೋಗ್ರಾಮ್ ಶುರುವೇ ಆಗಲಿಲ್ಲ. ಬೆಲ್ಟ್ ಮಾತ್ರ ಓಡಿತು. ಒಳ್ಳೆಯದು, ಕೆಟ್ಟದ್ದು ಎಲ್ಲ ಒಂದೇ ಬುಟ್ಟಿಗೆ ಬಿತ್ತು. ಮಾಲತೇಶ ಸರ್ ಪರದೆ ಓದಿ ನಕ್ಕರು.

"ಮೂರನೇ ನಂಬರ್ ಎಲ್ಲೈತ್ರಿ ಇದರಾಗ? ಇರೋವ ಎರಡು, ಸೊನ್ನಿ ಮತ್ತ ಒಂದು. ಇಲ್ಲದ ಮನಿಗೆ ಸೊಸಿ ಕಳಿಸಿದಂಗಾತಲ್ರಿ!"

ಎಲ್ಲರೂ ನಕ್ಕರು. ಮೂರು ಅಳಿಸಿ ಒಂದು ಎಂದು ಬರೆದು, ಉಳಿದವನ್ನು ಸೊನ್ನೆಗೆ ದಬ್ಬಿದರೆ ಮುಗಿಯುತ್ತಿತ್ತು. ಎರಡು ನಿಮಿಷದ ಕೆಲಸ. ಸರ್ ನಗು ನಿಲ್ಲಿಸಿ, ಕೀಬೋರ್ಡಿನ ಮುಂದಿನಿಂದ ಕುರ್ಚಿ ಸ್ವಲ್ಪ ಸರಿಸಿ, ನನ್ನ ಮುಖ ನೋಡಿದರು. ಕಾಯ್ದರು. ನಾನು ಬುಟ್ಟಿಯ ಅಡಿಕೆ ನೋಡುತ್ತ ನಿಂತೆ.

"ಇರ್ಲಿ ಬಿಡ್ರಿ," ಎಂದು ಪೆನ್‌ಡ್ರೈವ್ ಕೈಗಿಟ್ಟರು.

ಇವತ್ತು ತಡಸದವರು ಬಂದರು. ಹುಡುಗನ ಸೋದರತ್ತೆ ಶಿವಬಸವ್ವ ಒಗ್ಗರಣೆ ಅವಲಕ್ಕಿ ಮುಗಿಸಿ, ಪ್ಲೇಟು ಕೆಳಗಿಟ್ಟು ನನ್ನತ್ತ ತಿರುಗಿದಳು.

"ನಮ್ಮ ಹುಡುಗನ್ನ ಏನರ ಕೇಳೋದೈತೇನವ್ವಾ? ಈಗ ಕೇಳಿಬಿಡು, ಆಮ್ಯಾಲ ನನ್ನ ಬೈಬ್ಯಾಡ!"

ಕೇಳುವುದಿತ್ತು. ನಿಮ್ಮ ಮನೆಯಲ್ಲಿ ಕೋಣೆ ಎಷ್ಟು, ನಾನೊಬ್ಬಳೇ ಬಾಗಿಲು ಹಾಕಿಕೊಂಡು ಕೂರುವಂಥದ್ದು ಒಂದಾದರೂ ಇದೆಯೇ ಎಂದು. ಅವ್ವ ಸೆರಗು ಸರಿಮಾಡಿಕೊಳ್ಳುತ್ತ ನನ್ನನ್ನೇ ನೋಡುತ್ತಿದ್ದಳು.

"ಏನಿಲ್ರಿ," ಎಂದೆ.

"ನೋಡ್ರಿ, ಮಾತ ಇಲ್ಲ," ಎಂದಳು ಶಿವಬಸವ್ವ ಹಿಗ್ಗಿ. "ಭಾಳ ಛಲೋ ಹುಡುಗಿ."