ಚಿಕ್ಕಮ್ಮ ಕರೆಯಲು ಹೋದಳು

ಕಟ್ಟುತ್ತಿದ್ದ ಮನೆಯ ಮಾಡು ಕುಸಿದಾಗ ಅಣ್ಣತಮ್ಮ ಇಬ್ಬರೂ ಮೇಲಿದ್ದರು. ಇಬ್ಬರೂ ಬಡಗಿಗಳು. ಅಣ್ಣ ಅಲ್ಲೇ ತೀರಿಕೊಂಡ. ತಮ್ಮನ ಪಕ್ಕೆಲುಬು ಕೂಡಿಕೊಂಡಿತು, ಗಾಯ ಮಾಯಿತು, ಮೈ ಮನೆಗೆ ಬಂತು, ಮನುಷ್ಯ ಮಾತ್ರ ಬರಲಿಲ್ಲ. ಗೋಡೆಗೆ ಮುಖ ಮಾಡಿ ಕೂತವನು ಕೂತೇ ಇದ್ದ. ಬಾಯಿಗಿಟ್ಟರೆ ನುಂಗುತ್ತಿದ್ದ, ಕರೆದರೆ ತಿರುಗುತ್ತಿರಲಿಲ್ಲ.

"ಮೈಗೇನೂ ಆಗಿಲ್ಲಮ್ಮ. ಇನ್ನು ನನ್ನ ಕೈಲಿ ಮಾಡೋದು ಏನೂ ಉಳಿದಿಲ್ಲ," ಎಂದರು ಡಾಕ್ಟರು.

ತಮ್ಮನ ಹೆಂಡತಿ ತನ್ನ ಇಸ್ತ್ರಿ ಅಂಗಡಿ ಮುಚ್ಚಿ ತನ್ನ ಚಿಕ್ಕಮ್ಮನ ಬಳಿ ಹೋದಳು. ಚಿಕ್ಕಮ್ಮ ಬೀದಿಯ ಮೂಲೆಯಲ್ಲಿ ಗುಂಡಿ, ದಾರ ಮಾರುವವಳು. ಬಾಯಿಬಡುಕಿ, ಊರ ಉಸಾಬರಿಯೆಲ್ಲ ಅವಳಿಗೇ ಬೇಕು. ಆದರೆ ಯಾರಾದರೂ ಹೀಗೆ ತಮ್ಮ ಮೈಯೊಳಗಿಂದಲೇ ಕಾಣೆಯಾದಾಗ ಊರಿನವರು ತಟ್ಟುತ್ತಿದ್ದದ್ದೂ ಅವಳ ಬಾಗಿಲನ್ನೇ. ಅವಳಿಗಿಂತ ಮುಂಚೆ ಅವಳ ಸೋದರತ್ತೆ, ಹೀಗೆ ಹೋದವರನ್ನು ಕರೆತರುವ ಆ ಕೆಲಸ ಮಾಡುತ್ತಿದ್ದಳು.

"ಅವನು ಬಿದ್ದ ಜಾಗ ತೋರಿಸು."

"ಮೊದಲು ಅವರನ್ನ ನೋಡಲ್ವಾ, ಚಿಕ್ಕಮ್ಮ?"

"ಇಲ್ಲದೇ ಇರೋನನ್ನ ಏನಂತ ನೋಡಲಿ ಮಗಳೇ?"

ಹೆಂಡತಿ ಗಂಡನ ಬಳಿ ಅತ್ತೆಯನ್ನು ಕೂರಿಸಿ, ಚಿಕ್ಕಮ್ಮನನ್ನು ಕರೆದುಕೊಂಡು ಆ ಕುಸಿದ ಮನೆಗೆ ಹೊರಟಳು. ಇವರನ್ನು ಕಂಡ ಗಾರೆಯವರು ಕೆಲಸ ನಿಲ್ಲಿಸಿ ಕೆಳಗಿಳಿದರು. ಮುರಿದ ತೊಲೆಗಳ ನಡುವೆ ಚಿಕ್ಕಮ್ಮ ಚಕ್ಕಂಬಕ್ಕಳ ಹಾಕಿ ಕೂತು, ಚೀಲದಿಂದ ಸಣ್ಣ ಚರ್ಮವಾದ್ಯ ತೆಗೆದು ಮೆಲ್ಲಗೆ ಬಡಿಯತೊಡಗಿದಳು. ಬಡಿತ ಏರಿತು, ಆಮೇಲೆ ನಿಂತುಹೋಯಿತು. ಅವಳ ತಲೆ ಎದೆಗೆ ಬಾಗಿತು. ಬಾಯಿಂದ ಬಂದ ದನಿ ಆಳದ ಬಾವಿಯಿಂದ ಬಂದಂತಿತ್ತು.

"ನೀನು ಹೋಗಬೇಕಾದೋನು, ಹೋಗಪ್ಪ. ತಮ್ಮನ ಕೈ ಬಿಡು."

ಉತ್ತರ ಬಂದಂತೆ ಕಿವಿಗೊಟ್ಟಳು. "ಒಬ್ಬನಿಗೇ ಭಯ ಅಂತ ಗೊತ್ತು. ಅರ್ಧ ದಾರಿ ನಾನು ಬರ್ತೀನಿ. ಅವನನ್ನ ಬಿಡು."

ಎರಡೂ ಕೈ ಮುಂದೆ ಚಾಚಿ ಎಳೆಯತೊಡಗಿದಳು. ಕೈಯಲ್ಲಿ ಏನೂ ಇರಲಿಲ್ಲ, ಆದರೂ ಕತ್ತಿನ ನರಗಳು ಉಬ್ಬಿದವು, ಕಾಲು ಬಿಡಿಸಿ ಊರಿದ ಹಿಮ್ಮಡಿಗಳು ಮಣ್ಣಿನಲ್ಲಿ ಹೂತವು. ಗಾರೆಯವರಲ್ಲೊಬ್ಬರೂ ಅಲುಗಲಿಲ್ಲ. ಚಿಕ್ಕವಳಿದ್ದಾಗಿನಿಂದ ಇವಳ ಮಡಿಲಲ್ಲಿ ಆಡಿದ ಹೆಂಡತಿಗೆ ಈ ಹೆಂಗಸು ಯಾರೆಂದೇ ತಿಳಿಯಲಿಲ್ಲ. ತನಗರಿವಿಲ್ಲದೆ ಕೈ ಜೋಡಿಸಿದಳು. ತಟ್ಟನೆ ಚಿಕ್ಕಮ್ಮ ಹಿಂದಕ್ಕೆ ಉರುಳಿಬಿದ್ದಳು. ಅಂಗೈಗಳ ಚರ್ಮ ಹಗ್ಗ ಉಜ್ಜಿದಂತೆ ಕಿತ್ತುಬಂದಿತ್ತು.

ಅವಳನ್ನು ಗಾಡಿಯಲ್ಲಿ ಮಲಗಿಸಿ ಮನೆಗೆ ತಂದರು. ಬಾಗಿಲಲ್ಲೇ ಅತ್ತೆ ನಿಂತಿದ್ದಳು.

"ಈಗಷ್ಟೇ ತಿರುಗಿದ ಕಣೆ. 'ಅಮ್ಮಾ, ಅಣ್ಣ ಕೈ ಬಿಟ್ಟ' ಅಂದ."

ಒಳಗೆ ಅವನು ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಅಣ್ಣ ಸತ್ತ ಮೇಲೆ ಇದೇ ಮೊದಲ ಅಳು. ಹೆಂಡತಿ ಅವನ ತಲೆಯನ್ನು ಎದೆಗೊತ್ತಿಕೊಂಡು ತಾನೂ ಅತ್ತಳು.

ಆಮೇಲೆ ನಡುಮನೆಗೆ ಬಂದು ಚಿಕ್ಕಮ್ಮನ ಅಂಗೈಗೆ ಎಣ್ಣೆ ಸವರಿದಳು. ಚಿಕ್ಕಮ್ಮ ಅರೆಗಣ್ಣು ತೆರೆದಳು.

"ಅಲ್ಲಿ ಏನು ಕಂಡಿರಿ, ಚಿಕ್ಕಮ್ಮ?"

"ಅದನ್ನ ಕೇಳಬಾರದು," ಎಂದು ಅವಳು ಮಗ್ಗುಲಾದಳು. "ಬರೋವಾಗ ದಾರಿ ಮರೆತಿದ್ದೆ ಮಗಳೇ. ಈ ಸಲ ತುಂಬಾ ಹೊತ್ತು ಮರೆತಿದ್ದೆ."

ನಿದ್ದೆ ಹೋದಳು. ಎಬ್ಬಿಸಲು ಧೈರ್ಯ ಸಾಲದೆ ಹೆಂಡತಿ ಪಕ್ಕದಲ್ಲೇ ಕೂತು, ಆ ಉಸಿರು ಏರಿಳಿಯುವುದನ್ನೇ ನೋಡುತ್ತಿದ್ದಳು.