ಕಸದ ಗಾಡಿಯ ಹಾಡು

ಕೀಲುಂಗ್ ಬಂದರಿನ ಮೇಲಿನ ಓಣಿಯಲ್ಲಿ ಸಂಜೆ ಕಸದ ಗಾಡಿ ಹಾಡು ಹಾಕಿಕೊಂಡು ಬಂತೆಂದರೆ ಮನೆಮನೆಯವರೂ ಚೀಲ ಹಿಡಿದು ಓಡಬೇಕು. ತಪ್ಪಿದರೆ ಮೀನಿನ ಮುಳ್ಳು ಅಡುಗೆಮನೆಯಲ್ಲೇ ನಾರುತ್ತಾ ಕೂರುತ್ತದೆ. ಜಿಯಾಲಿಯ ಮನೆಯಲ್ಲಿ ಎಲ್ಲರಿಗಿಂತ ಮೊದಲು ಬಾಗಿಲಿಗೆ ಓಡುವವಳು ಎರಡು ವರ್ಷದ ಮಗಳು ಯುನ್‌ಶಿ. ಜಿಯಾಲಿ ಅದೊಂದನ್ನೇ ನಂಬಿಕೊಂಡಿದ್ದಳು.

ಏಕೆಂದರೆ ಮಗು ಇನ್ನೂ ಒಂದು ಮಾತೂ ಆಡಿರಲಿಲ್ಲ, ಕರೆದರೆ ತಿರುಗುತ್ತಲೂ ಇರಲಿಲ್ಲ. ಆ ದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಹೇಳಿದ್ದರು: "ಕಿವಿ ಚೆನ್ನಾಗಿದೆಯಮ್ಮ. ಅಲ್ಲಿಂದ ಮೆದುಳಿಗೆ ಸದ್ದು ಒಯ್ಯೋ ನರದಲ್ಲಿ ತೊಂದರೆ. ದಾರೀಲೇ ಸದ್ದು ಚೂರುಚೂರಾಗುತ್ತೆ. ಮನೇಲಿ ಯಾವ ಸದ್ದಿಗಾದ್ರೂ ತಿರುಗ್ತಾಳಾ? ನೀವು ಅಲ್ಲಾಡದೆ ಕೂತು ನೋಡಿ."

ಗಂಡ ಮೀನಿನ ಹಡಗಿನಲ್ಲಿ ದೂರದ ಸಮುದ್ರದಲ್ಲಿದ್ದ. ಹೇಳಿಕೊಳ್ಳಲು ಇದ್ದದ್ದು ಅತ್ತೆ ಒಬ್ಬರೇ. ಅವರೋ, ಕೇಳಿದ್ದೇ ತಡ ಸಿಡುಕಿದರು.

"ಕಿವುಡಂತೆ, ಕಿವುಡು! ಗಾಡಿ ಬಂದ್ರೆ ನಿನಗಿಂತ ಮುಂಚೆ ಚಪ್ಪಲಿ ಹಾಕ್ಕೊಳಲ್ವೇನೇ ನನ್ನ ಬಂಗಾರ? ಕರೆದ್ರೆ ತಿರುಗದೇ ಇರೋದು ನಿಮ್ಮಪ್ಪನ ಮನೆ ಹಟ, ಅಷ್ಟೇ."

"ಹಾಗೇ ಇರ್ಲಿ ಅತ್ತೆ. ಇವತ್ತೊಂದಿನ ನಾವಿಬ್ರೂ ಏಳೋದು ಬೇಡ."

"ಮತ್ತೆ ಕಸ?"

"ನಾರಲಿ."

ಸಂಜೆಯಾಯಿತು. ಯುನ್‌ಶಿ ಕಿಟಕಿಗೆ ಬೆನ್ನು ಹಾಕಿ ಡಬ್ಬಿಗಳ ಮುಚ್ಚಳ ಜೋಡಿಸುತ್ತಿದ್ದಳು. ಓಣಿಯ ತುಂಬ ಹಾಡು ತುಂಬಿತು. ಎದುರುಮನೆಯವಳು ಕೂಗಿದಳು: "ಏ ಜಿಯಾಲಿ, ನಿದ್ದೆ ಹೊಡೀತಿದ್ದೀಯೇನೇ? ಗಾಡಿ ಹೊರಟಿತು!"

ತಿರುಗು ಕಂದಾ, ಒಂದೇ ಒಂದು ಸಲ ತಿರುಗು ಎಂದು ಜಿಯಾಲಿ ಮನಸ್ಸಿನಲ್ಲೇ ಗೋಗರೆದಳು. ಮಗು ಮುಚ್ಚಳದ ಮೇಲೆ ಮುಚ್ಚಳ ಇಟ್ಟಿತು. ಹಾಡು ಇಳಿಜಾರಿನಲ್ಲಿ ಇಳಿದು ಕರಗಿಹೋಯಿತು.

ಅತ್ತೆ ಸುಮ್ಮನೆ ಕೂರಲಾಗದೆ ಎದ್ದು ಕಸದ ಚೀಲದ ಬಾಯಿ ಕಟ್ಟತೊಡಗಿದರು. ಅದು ಕಣ್ಣಿಗೆ ಬಿದ್ದದ್ದೇ ಯುನ್‌ಶಿ ಚಂಗನೆ ಎದ್ದು ಚಪ್ಪಲಿಯತ್ತ ಓಡಿದಳು.

ಇಷ್ಟು ದಿನ ಮಗು ಓಡಿದ್ದು ಆ ಗಂಟು ನೋಡಿ. ಎರಡು ವರ್ಷ ಹಾಡಿದ ಜೋಗುಳ, ಹೇಳಿದ ಕತೆ, ಗಂಡನಿಲ್ಲದ ಮನೆಯಲ್ಲಿ ಮಗುವಿನೊಡನೆ ತೋಡಿಕೊಂಡ ದುಃಖ, ಎಲ್ಲವನ್ನೂ ಜಿಯಾಲಿ ಒಬ್ಬಳೇ ಕೇಳಿಸಿಕೊಂಡಿದ್ದಳು. ಇಷ್ಟು ಒಂಟಿ ಎಂದು ಅವಳಿಗೆ ಎಂದೂ ಅನಿಸಿರಲಿಲ್ಲ.

ಯುನ್‌ಶಿ ಬಾಗಿಲಲ್ಲಿ ನಿಂತು ಕೈಚಾಚಿದಳು. ಗಾಡಿ ಹೋಯ್ತು ಕಂದಾ ಎನ್ನಲು ಜಿಯಾಲಿ ಬಾಯಿ ತೆರೆದಳು, ಹಾಗೆಯೇ ಮುಚ್ಚಿದಳು. ಚೀಲ ಎತ್ತಿಕೊಂಡು, ಮಗಳ ಕೈಹಿಡಿದು ಹೊರಗೆ ಬಂದಳು.

ಓಣಿ ಖಾಲಿಯಾಗಿತ್ತು. ಯುನ್‌ಶಿ ಎಂದಿನಂತೆ ಕತ್ತು ಉದ್ದ ಮಾಡಿ, ಗಾಡಿ ಬರುವ ತಿರುವನ್ನೇ ನೋಡುತ್ತ ನಿಂತಳು.